ಸೊನ್ನೆಯಿಂದ ನಾಲ್ಕರವರೆಗೆ

ಬೆಳಗಿನಿಂದ ಇದು ಮೂರನೆಯ ಸಲ ನಾನು ಫ್ರಿಜ್ ಒರೆಸುತ್ತಿರುವುದು. ಅದರಲ್ಲಿ ಕೊಳೆಯೇನೂ ಇಲ್ಲ. ಕೂತರೆ ಏಳೋಣ ಅನ್ನಿಸುತ್ತದೆ, ಎದ್ದರೆ ಮಹಡಿ ಹತ್ತೋಣ ಅನ್ನಿಸುತ್ತದೆ, ಹತ್ತಿದ ಮೇಲೆ ಯಾಕೆ ಬಂದೆ ಎಂಬುದೇ ಮರೆತಿರುತ್ತದೆ. ಹಾಗೆ ಹತ್ತಿದ ಒಂದು ಸಲ, ಬಂದದ್ದಕ್ಕೆ ಒಂದು ಕೆಲಸವಾಗಲಿ ಎಂದು ಬೀರುವಿನ ಮೇಲಿದ್ದ ನೀಲಿ ಚೀಲವನ್ನು ಇಳಿಸಿದೆ. ನಾಳೆ ಆಸ್ಪತ್ರೆಗೆ ಅದೇ ಬೇಕು. ಜಿಪ್ ಎಳೆದರೆ ಸ್ಟ್ರಾಬೆರಿ ವಾಸನೆ! ಕೈ ಹಾಕಿದಾಗ ಸಿಕ್ಕಿದ್ದು ಒಂದು ಪುಟ್ಟ ಪ್ಲಾಸ್ಟಿಕ್ ಮಾಸ್ಕ್. ಅರಿವಳಿಕೆ ಕೊಡುವಾಗ ಮಕ್ಕಳ ಮೂಗಿಗೆ ಹಿಡಿಯುತ್ತಾರಲ್ಲ, ಅಂಥದ್ದು. ಒಳಗೆ ಸವರಿದ್ದ ಲಿಪ್ ಬಾಮಿನ ಘಮ ಮೂರು ವರ್ಷವಾದರೂ ಹೋಗಿರಲಿಲ್ಲ.

ನನ್ನ ಮಗಳು ಸಿರಿಗೆ ಆಗ ಆರು ವರ್ಷ. ಬಲಗಾಲಿನ ಮಂಡಿ ಒಳಕ್ಕೆ ವಾಲಿಕೊಂಡು ಬೆಳೆಯುತ್ತಿತ್ತು. ಅಲ್ಲೊಂದು ಸಣ್ಣ ಪ್ಲೇಟ್ ಕೂರಿಸಿದರೆ ಬೆಳೆಯುತ್ತಾ ಬೆಳೆಯುತ್ತಾ ಕಾಲು ತಾನೇ ನೆಟ್ಟಗಾಗುತ್ತದೆ, ಆಮೇಲೆ ಪ್ಲೇಟ್ ತೆಗೆದರಾಯಿತು ಎಂದರು ಡಾಕ್ಟರು. ತಿಂಗಳುಗಟ್ಟಲೆ ಕಾದ ಮೇಲೆ ಡಬ್ಲಿನ್ನಿನ ಆಸ್ಪತ್ರೆಯಿಂದ ತಾರೀಖು ಬಂತು. ನಾವಿರುವುದು ಐರ್ಲೆಂಡಿನಲ್ಲಿ, ಡಬ್ಲಿನ್ ಹತ್ತಿರದ ನೇಸ್ ಎಂಬ ಊರಿನಲ್ಲಿ. ಮೈಸೂರಿನಿಂದ ಅತ್ತೆ ಫೋನ್ ಮಾಡಿದರು. "ಮಗುಗೆ ಏನೂ ಹೇಳ್ಬೇಡ ಕಣಮ್ಮ. ಸುಮ್ನೆ ಹೆದರ್ಕೊಂಡು ಜ್ವರ ಬರಿಸ್ಕೊಂಡ್ಬಿಡತ್ತೆ."

ನಮ್ಮಲ್ಲಿ ಇದೇನು ಹೊಸದೇ, ನೀವೇ ಹೇಳಿ. ಚಿಕ್ಕಂದಿನಲ್ಲಿ ನನ್ನ ಟಾನ್ಸಿಲ್ ತೆಗೆಸಲು ಅಪ್ಪ ಅಮ್ಮ ನನ್ನನ್ನು ಕರೆದೊಯ್ದದ್ದು ಮೃಗಾಲಯದ ಹೆಸರು ಹೇಳಿ. ಆನೆ ನೋಡುತ್ತೇನೆಂದು ಹೊಸ ಲಂಗ ಹಾಕಿಕೊಂಡು ಕುಣಿಯುತ್ತಾ ಹೋದವಳು ನಾನು. ಇವತ್ತಿಗೂ ಆನೆಯನ್ನು ಕಂಡರೆ ನನಗೆ ಗಂಟಲು ಕೆರೆಯುತ್ತದೆ. ಅಷ್ಟಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. "ನಿನ್ನ ಕಾಲಿನ ಫೋಟೋ ತೆಗೆಸೋಕೆ ಹೋಗ್ತಿದೀವಿ ಪುಟ್ಟಿ" ಎಂದೆ. ಫೋಟೋ ಎಂದರೆ ಚೆನ್ನಾಗಿ ಕಾಣಬೇಕಲ್ಲವೇ? ಸಿರಿ ಬೆಳ್ಳಿ ಚುಕ್ಕೆಯ ಕಾಲುಚೀಲ ಹಾಕಿಕೊಂಡು ಹೊರಟಳು.

ವಾರ್ಡಿನಲ್ಲಿ ಓರ್ಲಾ ಎಂಬುವರು ಬಂದರು. ಅವರು ಪ್ಲೇ ಸ್ಪೆಷಲಿಸ್ಟ್. ಮಕ್ಕಳ ಜೊತೆ ಕೂತು, ಗೊಂಬೆ ಆಟಿಕೆಗಳ ಮೂಲಕ ಅವರಿಗೆ ಏನು ಮಾಡಲಿದ್ದಾರೆ ಎಂದು ತಿಳಿಸಿ, ಭಯ ಇಳಿಸುವುದು ಅವರ ಕೆಲಸ. ಇಡೀ ವಾರ್ಡಿಗೆ ಅವರೊಬ್ಬರೇ. ಯಾವ ಮಗುವಿನ ಹತ್ತಿರ ಮೊದಲು ಹೋಗಬೇಕು, ಎಷ್ಟು ಹೊತ್ತು ಕೂರಬೇಕು ಎಂದು ತೀರ್ಮಾನಿಸಲು ಒಂದು ಹಾಳೆ ಇತ್ತು. ಏಳು ಪ್ರಶ್ನೆ. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಹೆಚ್ಚು ಅಂಕ ಬಂದಷ್ಟೂ ಹೆಚ್ಚು ಆಸರೆ ಬೇಕು ಎಂದರ್ಥ. ಅದನ್ನು ಹೆತ್ತವರು ತುಂಬಬೇಕು.

ನಾನು ಸಾಫ್ಟ್‌ವೇರ್ ಟೆಸ್ಟರ್. ತಪ್ಪು ಮಾಹಿತಿ ತುಂಬಿದರೆ ತಪ್ಪು ಉತ್ತರ ಬರುತ್ತದೆ ಎಂದು ಹತ್ತು ವರ್ಷದಿಂದ ಊರಿಗೆಲ್ಲ ಬುದ್ಧಿ ಹೇಳುತ್ತಾ ಬಂದವಳು. ಆದರೆ ಆ ಹಾಳೆ ಕೈಗೆ ಬಂದದ್ದೇ ತಡ, ನನ್ನೊಳಗಿನ ಟೆಸ್ಟರ್ ಓಡಿಹೋಗಿ, ಶಾಲೆಯ ಅಡ್ಮಿಷನ್ ಇಂಟರ್‌ವ್ಯೂಗೆ ಮಗುವನ್ನು ಕರೆತಂದ ಅಮ್ಮ ಬಂದು ಕೂತಳು. ನಮ್ಮ ಮಗು ಜಾಣೆ, ನಾವು ಯಾರಿಗೂ ತೊಂದರೆ ಕೊಡುವವರಲ್ಲ ಎಂದು ತೋರಿಸಬೇಡವೇ? ಯಾಕೆ ಬಂದಿದ್ದೇವೆಂದು ಮಗುವಿಗೆ ತಿಳಿದಿದೆಯೇ? ಚೆನ್ನಾಗಿ ತಿಳಿದಿದೆ, ಸೊನ್ನೆ. ಸೂಜಿಗೆ ಹೆದರುತ್ತದೆಯೇ? ಲಸಿಕೆಯ ದಿನ ನರ್ಸಿನ ಬೆರಳು ಕಚ್ಚಿದ್ದಳು, ಇರಲಿ, ಸೊನ್ನೆ. ಕೊನೆಯದು, ಹೆತ್ತವರಿಗೆ ಎಷ್ಟು ಆತಂಕ? ಪೆನ್ನು ಬೆವರಿಗೆ ಜಾರುತ್ತಿತ್ತು. ಸೊನ್ನೆ.

ಓರ್ಲಾ ನೋಡಿ, "ಎಲ್ಲಾ ಸೊನ್ನೇನಾ? ಗ್ರ್ಯಾಂಡ್!" ಎಂದರು. ಡಿಸ್ಟಿಂಕ್ಷನ್ ಬಂದಷ್ಟು ಖುಷಿಯಾಯಿತು ನನಗೆ. ಅವರು ಎದುರು ಹಾಸಿಗೆಯ ಮಗುವಿನ ಹತ್ತಿರ ಹೋಗಿ, ಒಂದು ಬಟ್ಟೆಗೊಂಬೆಗೆ ಮಾಸ್ಕ್ ಹಾಕಿ ಆಟ ಆಡಿಸತೊಡಗಿದರು. ಸಿರಿ ಆ ಗೊಂಬೆಯನ್ನೇ ನೋಡುತ್ತಿದ್ದಳು. ಅದರ ಕಾಲಿಗೆ ಬ್ಯಾಂಡೇಜ್ ಸುತ್ತುವುದನ್ನೂ ನೋಡಿದಳು. ಆಮೇಲೆ ತನ್ನ ಕಾಲನ್ನು ನೋಡಿಕೊಂಡಳು.

ಅಷ್ಟರಲ್ಲಿ ನರ್ಸ್ ಬಂದು, ಸೂಜಿ ಚುಚ್ಚುವ ಜಾಗ ಮರಗಟ್ಟಲಿ ಎಂದು ಅವಳ ಕೈಗೆ ಕ್ರೀಮ್ ಹಚ್ಚಲು ಹೋದರು. ಸಿರಿ ಮುಷ್ಟಿ ಬಿಗಿದು ಕೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡಳು. "ಅಮ್ಮಾ, ಯೂ ಸೆಡ್ ಫೋಟೋ" ಎಂದಳು. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡುತ್ತಿದ್ದೆ. ಅವಳು ಅಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಬಲವಂತ ಮಾಡುವುದಿಲ್ಲ, ಮಗು ಒಪ್ಪದಿದ್ದರೆ ಇನ್ನೊಂದು ತಾರೀಖು ಕೊಡುತ್ತೇವೆ ಎಂದರು ನರ್ಸ್. ಇನ್ನೊಂದು ತಾರೀಖು ಎಂದರೆ ಮತ್ತೆ ಎಷ್ಟು ತಿಂಗಳೋ. ಆದರೆ ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಕಾಲಿನ ಚಿಂತೆ ಇರಲಿಲ್ಲ. ಆ ಪುಟ್ಟ ಬೆನ್ನು ನನ್ನ ಕಡೆಗೆ ಇನ್ನು ತಿರುಗುತ್ತದೋ ಇಲ್ಲವೋ ಎಂಬ ಹೆದರಿಕೆಯೊಂದೇ ಇತ್ತು.

ಕಾರಿಡಾರಿನಲ್ಲಿ ಓರ್ಲಾರನ್ನು ಹಿಡಿದು ನಿಲ್ಲಿಸಿದೆ. "ನಾನು ಬರೆದದ್ದೆಲ್ಲ ಸುಳ್ಳು" ಎಂದೆ. ಅವರು ಬೈಯಲಿಲ್ಲ. ಹೊಸ ಹಾಳೆ ಕೊಟ್ಟು ಪಕ್ಕದಲ್ಲೇ ಕೂತರು.

"ಜೋರಾಗಿ ಅಳೋ ಮಕ್ಕಳನ್ನ ಹುಡುಕೋಕೆ ನನಗೆ ಹಾಳೆ ಬೇಡ" ಎಂದರು. "ಇದು ಸುಮ್ಮನಿರೋ ಮಕ್ಕಳಿಗೆ. ಇದು ನನ್ನ ಬಾಸ್ ಅಲ್ಲ, ಎಲ್ಲಿಗೆ ಮೊದಲು ಹೋಗು ಅಂತ ಹೇಳತ್ತೆ ಅಷ್ಟೆ. ಅದೂ ನೀವು ನಿಜ ಹೇಳಿದ್ರೆ."

ಮಗುವಿನ ಭಯವನ್ನು ಅಂಕದಲ್ಲಿ ಅಳೆಯುತ್ತಾರಂತೆ ಎಂದು ಮನಸ್ಸಿನಲ್ಲೇ ನಕ್ಕಿದ್ದವಳು ನಾನು. ಅಳುವ ಮಗುವಿಗೆ ಹಾಲು ಎಂಬ ಮಾತು ಕೇಳುತ್ತಲೇ ಬೆಳೆದಿದ್ದೇನೆ. ಅಳದ ಮಗುವಿಗೆ ಯಾರು ಎಂದು ಕೇಳಿಕೊಂಡಿರಲಿಲ್ಲ. ಈ ಸಲ ಎಲ್ಲ ಸರಿಯಾಗಿ ಬರೆದೆ. ಹೆತ್ತವರ ಆತಂಕದ ಆ ಕೊನೆಯ ಪ್ರಶ್ನೆಗೆ ಬಂದಾಗ ಕೈ ನಿಂತಿತು. ಓರ್ಲಾ ನನ್ನ ಕಾರ್ಡಿಗನ್ ನೋಡಿದರು. ಬೆಳಗಿನಿಂದ ಅದನ್ನು ಒಳಮೈ ಹೊರಗಾಗಿ ಹಾಕಿಕೊಂಡಿದ್ದೆ. "ಅದೂ ಲೆಕ್ಕಕ್ಕೆ ಬರತ್ತೆ" ಎಂದರು ಮೆಲ್ಲಗೆ. ಎರಡು ಎಂದು ಬರೆದೆ. ಅಷ್ಟಾದರೂ ಮರ್ಯಾದೆ ಉಳಿಯಲಿ ಎಂದು.

"ಮೊದಲು ನೀವು ಹೋಗಿ ಹೇಳಿ. ಆಮೇಲೆ ನಾನು ಬರ್ತೀನಿ" ಎಂದರು.

ಗೋಡೆಗೆ ತಿರುಗಿದ್ದ ಬೆನ್ನಿಗೆ ಹೇಳಿದೆ. "ಫೋಟೋ ಅಂದಿದ್ದು ಸುಳ್ಳು ಕಂದ. ಆಪರೇಷನ್ ಇದೆ. ತಪ್ಪಾಯ್ತು."

ಬೆನ್ನು ಕೇಳಿತು, "ವಿಲ್ ಇಟ್ ಹರ್ಟ್?"

ಇಲ್ಲ ಚಿನ್ನ ಎನ್ನಲು ನಾಲಗೆ ಎದ್ದೇಬಿಟ್ಟಿತ್ತು. ಕಚ್ಚಿಕೊಂಡೆ. "ಹೂಂ, ಎದ್ದ ಮೇಲೆ ನೋಯತ್ತೆ. ಔಷಧಿ ಕೊಡ್ತಾರೆ. ನಾನಲ್ಲೇ ಇರ್ತೀನಿ."

ಓರ್ಲಾ ಬಂದರು, ಗೊಂಬೆ ಬಂತು. ಸೂಜಿಯೋ ಮಾಸ್ಕೋ ಎಂದು ಕೇಳಿದಾಗ ಸಿರಿ ಮಾಸ್ಕ್ ಎಂದಳು. ಯಾವ ವಾಸನೆ ಎಂದಾಗ ಸ್ಟ್ರಾಬೆರಿ ಎಂದಳು. ಎಲ್ಲರ ಸರದಿ ಮುಗಿದ ಮೇಲೆ, ಆ ದಿನದ ಕೊನೆಯ ಮಗುವಾಗಿ ಒಳಗೆ ಹೋದಳು.

ಕಾಲು ನೆಟ್ಟಗಾಯಿತು. ಆದರೆ ನಮ್ಮ ಮನೆಯಲ್ಲಿ ಆವತ್ತಿನಿಂದ ಸುಳ್ಳಿಗೆ ಫೋಟೋ ಎಂದೇ ಹೆಸರು. ಡನ್ ಲಿಯರಿಯ ಸಮುದ್ರಕ್ಕೆ ಹೋಗೋಣವೆಂದರೆ, "ಈಸ್ ಇಟ್ ಟ್ರೂ ಆರ್ ಫೋಟೋ?" ಸಾರಿಗೆ ಖಾರ ಹಾಕಿಲ್ಲವೆಂದರೆ, "ಟ್ರೂ ಆರ್ ಫೋಟೋ?" ನನ್ನ ಗಂಡನಿಗೆ ಅದು ನಗು. ನನಗೆ ಪ್ರತಿ ಸಲವೂ ಆ ಮುಷ್ಟಿ ನೆನಪಾಗುತ್ತಿತ್ತು. ಒಂದೂವರೆ ವರ್ಷ ಕೇಳಿದಳು. ಆಮೇಲೆ ಒಂದು ದಿನ ಕೇಳುವುದನ್ನು ನಿಲ್ಲಿಸಿದಳು. ನಂಬಿಕೆ ಬಂದು ನಿಲ್ಲಿಸಿದಳೋ, ಸಾಕಾಗಿ ನಿಲ್ಲಿಸಿದಳೋ, ಕೇಳಿ ತಿಳಿದುಕೊಳ್ಳುವ ಧೈರ್ಯ ನನಗಾಗಲಿಲ್ಲ.

ನಾಳೆ ಆ ಪ್ಲೇಟ್ ತೆಗೆಯುತ್ತಾರೆ. ಹಾಳೆ ಈ ಸಲ ಅಂಚೆಯಲ್ಲೇ ಬಂದು ನಾಲ್ಕು ದಿನದಿಂದ ಊಟದ ಮೇಜಿನ ಮೇಲೆ ಕೂತಿದೆ. ನಾನು ಫ್ರಿಜ್ ಒರೆಸುತ್ತಿರುವುದು ಅದರ ಹತ್ತಿರ ಹೋಗದಿರಲು. ಒಂದು ಕೈಯಲ್ಲಿ ಒರೆಸುವ ಬಟ್ಟೆ, ಇನ್ನೊಂದರಲ್ಲಿ ಮಾಸ್ಕ್ ಹಿಡಿದು ಕೆಳಗೆ ಬಂದರೆ ಸಿರಿ ಆ ಹಾಳೆಯನ್ನು ಓದುತ್ತಾ ಕೂತಿದ್ದಾಳೆ. ಒಂಬತ್ತು ವರ್ಷದ ಹುಡುಗಿ, ಎಲ್ಲ ಓದಲು ಬರುತ್ತದೆ.

"ನೀನೇ ಹೇಳು, ನಾನು ಬರೀತೀನಿ" ಎಂದು ಪಕ್ಕದಲ್ಲಿ ಕೂತೆ. ಯಾಕೆ ಹೋಗುತ್ತಿದ್ದೇವೆಂದು ಗೊತ್ತು, ಸೊನ್ನೆ. ಸೂಜಿಗೆ, ಸ್ವಲ್ಪ ಯೋಚಿಸಿ, ಮೂರು. ಹೀಗೆ ಒಂದೊಂದೇ ಇಳಿದು ಕೊನೆಯ ಪ್ರಶ್ನೆಗೆ ಬಂದೆವು. ಹೆತ್ತವರಿಗೆ ಎಷ್ಟು ಆತಂಕ? ಅವಳನ್ನು ಕೇಳದೆ ನಾನೇ ಬೇಗ ಬೇಗ ಒಂದು ಎಂದು ಬರೆದೆ.

ಸಿರಿ ಆ ಅಂಕಿಯನ್ನು ನೋಡಿದಳು. ನನ್ನ ಕೈಯಲ್ಲಿ ಇನ್ನೂ ಇದ್ದ ಒದ್ದೆ ಬಟ್ಟೆಯನ್ನು ನೋಡಿದಳು.

"ಅಮ್ಮಾ, ದಟ್ಸ್ ಅ ಫೋಟೋ."

ಪೆನ್ನು ಕಿತ್ತುಕೊಂಡು ಒಂದನ್ನು ಹೊಡೆದುಹಾಕಿ ನಾಲ್ಕು ಬರೆದಳು. ನಾನು ತಿದ್ದಲು ಹೋಗಲಿಲ್ಲ. ಬಟ್ಟೆ ಮೇಜಿನ ಮೇಲಿಟ್ಟು, ಬೆಳಗಿನಿಂದ ಮೊದಲ ಸಲ ಕುರ್ಚಿಗೆ ಬೆನ್ನು ಕೊಟ್ಟು ಕೂತೆ.