ವೈಕುಂಠನ ಮೂಗು ಮತ್ತು ಐವತ್ತಾರು ಪೆಟ್ಟಿಗೆ

ವಾಲ್ನಟ್ ಕ್ರೀಕಿನ ಬಾರ್ಟ್ ರೈಲು ಸ್ಟೇಷನ್ನಿನಲ್ಲಿ ಇಳಿದು ಎರಡು ಬೀದಿ ದಾಟಿದರೆ ಬ್ರೂನೊನ ವೈನ್ ಅಂಗಡಿ ಸಿಗುತ್ತಿತ್ತು. ಈಗ ಅಲ್ಲಿ ವಿಡಿಯೋ ಕ್ಯಾಸೆಟ್ಟು ಬಾಡಿಗೆಗೆ ಕೊಡುತ್ತಾರೆ. ಆದರೆ ಎಂಬತ್ತಾರನೇ ಇಸವಿಯಲ್ಲಿ ಅದರ ಹಸಿರು ಬಾಗಿಲು ತಳ್ಳಿದರೆ ಒದ್ದೆ ಮರ, ರಟ್ಟು, ಹಳೇ ಬಿರಡೆ ಎಲ್ಲ ಸೇರಿದ ತಂಪು ವಾಸನೆ ಮುಖಕ್ಕೆ ಬರುತ್ತಿತ್ತು. ಹಿಂದುಗಡೆ ಪೆಟ್ಟಿಗೆಗಳ ನಡುವೆ, ಹಣೆಯಲ್ಲಿ ತೆಳ್ಳಗೆ ಒಂದು ಅಂಗಾರದ ಗೆರೆ ಎಳೆದುಕೊಂಡು, ಸೊಂಟಕ್ಕೆ ದಪ್ಪ ಏಪ್ರನ್ನು ಕಟ್ಟಿಕೊಂಡ ವೈಕುಂಠ ಕಾಣುತ್ತಿದ್ದ.

ಅವನು ಉಡುಪಿ ಕಡೆಯ ಮಡಿ ಅಡುಗೆಯವರ ಮಗ. ಊರಿನಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂತು ಅಭ್ಯಾಸ. ಡಾಕ್ಟರಾಗಿದ್ದ ಅಕ್ಕ ಸೌದಾಮಿನಿ ಕಾಗದ ಪತ್ರ ಮಾಡಿಸಿ ಕರೆಸಿಕೊಂಡ ಮೇಲೆ ಇಲ್ಲಿ ಮೊದಲು ಸಿಕ್ಕ ಕೆಲಸ ಬ್ರೂನೊನ ಪೆಟ್ಟಿಗೆ ಹೊರುವುದು. ಪೆಟ್ಟಿಗೆಯೊಳಗೆ ಏನಿದೆ ಎಂದು ಅಕ್ಕನಿಗೆ ಹೇಳಲಿಕ್ಕೆ ಎರಡು ತಿಂಗಳು ಧೈರ್ಯ ಬರಲಿಲ್ಲ. ಕೊನೆಗೆ ಹೇಳಿದಾಗ ಅವಳು ಸ್ಟೆತಾಸ್ಕೋಪು ಮಡಚಿಡುತ್ತಾ, "ಹೊರುವುದು ತಾನೇ? ಹೊರು. ಒಳಗಿನದ್ದು ನಿನಗೆ ಎಂತಕ್ಕೆ?" ಅಂದಳು. ಅಲ್ಲಿಗೆ ಮುಗಿಯಿತು.

ಮುಗಿಯದೇ ಇದ್ದದ್ದು ನಮ್ಮವರ ಬಾಯಿ. ಕ್ಯಾಂಪ್‌ಬೆಲ್ಲಿನಲ್ಲಿ ಯುಗಾದಿಗೋ ದೀಪಾವಳಿಗೋ ಎಲ್ಲರೂ ಅಡುಗೆ ಮಾಡಿಕೊಂಡು ಸೇರಿದಾಗ ಬೆಂಗಳೂರಿನ ಇಂಜಿನಿಯರು ರಘೋತ್ತಮ ತಟ್ಟೆ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದ. "ಏನ್ರೀ ವೈಕುಂಠ, ತೀರ್ಥದಂಗಡಿ ಹೇಗೆ ನಡೀತಿದೆ?"

"ತೀರ್ಥ ಮೂರೇ ಉದ್ಧರಣೆ ಕೊಡೋದು ಸ್ವಾಮಿ. ನಿಮಗೆ ಸಾಕಾಗ್ಲಿಕ್ಕಿಲ್ಲ" ಎಂದು ವೈಕುಂಠ ಅವನ ತಟ್ಟೆಗೇ ಇನ್ನೊಂದು ಹೋಳಿಗೆ ಹಾಕುತ್ತಿದ್ದ.

ಅವನ ಮೂಗಿನ ಸುದ್ದಿ ಬ್ರೂನೊನಿಗೆ ಗೊತ್ತಾದದ್ದು ಅಕಸ್ಮಾತ್ತಾಗಿ. ಒಂದು ದಿನ ಗಿರಾಕಿಗಳಿಗೆ ರುಚಿ ತೋರಿಸಲು ಬ್ರೂನೊ ಆರು ಬಾಟಲಿ ತೆಗೆದಿಟ್ಟಿದ್ದ. ವೈಕುಂಠ ಪೆಟ್ಟಿಗೆ ಹೊತ್ತು ಪಕ್ಕದಲ್ಲಿ ಹಾದುಹೋದವನು ನಿಂತು, "ಆ ನಾಲ್ಕನೆಯದ್ದು ಕೊಡಬೇಡ. ನೆಂದ ನ್ಯೂಸ್‌ಪೇಪರಿನ ವಾಸನೆ" ಅಂದ. ಬ್ರೂನೊ ನಕ್ಕ. ಆಮೇಲೆ ಮೂಸಿದ. ಆಮೇಲೆ ನಗಲಿಲ್ಲ. ಬಿರಡೆ ಕೆಟ್ಟಿತ್ತು.

"ಎಲ್ಲಿ ಕಲಿತೆ ಇದನ್ನು?"

"ಅಪ್ಪನ ಹತ್ತಿರ."

"ಅವರೂ ವೈನಿನವರಾ?"

"ಅಯ್ಯೋ, ಅಲ್ಲ ಮಾರಾಯ!"

ಇದನ್ನು ಬ್ರೂನೊನಿಗೆ ವಿವರಿಸಲು ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ದೇವರಿಗೆ ನೈವೇದ್ಯ ಆಗುವವರೆಗೆ ಅಡುಗೆಯವನು ಯಾವುದನ್ನೂ ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ, ಮುಟ್ಟಿಸಿದರೆ ಎಂಜಲು. ಸಾವಿರ ಜನರ ಹುಳಿಗೆ ಉಪ್ಪು ಸರಿಯಾಯಿತೇ, ಸಾರಿಗೆ ಇಂಗು ಹೆಚ್ಚಾಯಿತೇ, ಪಾಯಸದ ಬೆಲ್ಲ ಹಳೆಯದೇ, ಎಲ್ಲವನ್ನೂ ಹಬೆಯಲ್ಲೇ ತಿಳಿಯಬೇಕು. ಅಪ್ಪ ಕೊಪ್ಪರಿಗೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಒಂದೇ ಉಸಿರು ಎಳೆದುಕೊಂಡು, "ಒಂದು ಮುಷ್ಟಿ ಉಪ್ಪು ಬೇಕು" ಎನ್ನುತ್ತಿದ್ದರು. ಅಷ್ಟೇ ಬೇಕಾಗಿರುತ್ತಿತ್ತು. ಏಳು ವರ್ಷದ ವೈಕುಂಠ ಪಕ್ಕದಲ್ಲಿ ನಿಂತು, ಹೊಗೆಗೆ ಕಣ್ಣೀರು ಸುರಿಸುತ್ತಾ, ಅಪ್ಪ ಎಳೆದ ಉಸಿರನ್ನೇ ತಾನೂ ಎಳೆಯುತ್ತಿದ್ದ. ಆ ಹಬೆ, ಆ ಒದ್ದೆ ಪಂಚೆ, ಕೆಂಡದ ಮೇಲೆ ಚಿಮ್ಮಿದ ತೆಂಗಿನ ಹಾಲು. ವಾಲ್ನಟ್ ಕ್ರೀಕಿನ ಗೋದಾಮಿನಲ್ಲಿ ಹೇಳುತ್ತಾ ಹೇಳುತ್ತಾ ಅವನಿಗೇ ಹಸಿವಾಯಿತು.

ಆವತ್ತಿನಿಂದ ಹೊಸ ಬಾಟಲಿ ಯಾವುದು ಬಂದರೂ ಬ್ರೂನೊ ಕುಡಿದು ನೋಡುವುದು, ವೈಕುಂಠ ಮೂಸಿ ನೋಡುವುದು ಎಂದಾಯಿತು. ಒಂದು ಹನಿಯೂ ವೈಕುಂಠನ ಬಾಯಿಗೆ ಹೋಗಲಿಲ್ಲ.

ಆ ವರ್ಷ ವಸಂತದಲ್ಲಿ ಆಲ್ಪ್ಸ್ ಪರ್ವತದ ಒಂದು ಕಣಿವೆಯಿಂದ ಮೂರು ಮಾದರಿ ಬಾಟಲಿ ಬಂದವು. ಬ್ರೂನೊನ ಅಜ್ಜ ಬಿಟ್ಟುಬಂದ ಕಣಿವೆಯೇ ಅದು. ಕಳಿಸಿದವರು ಅಣ್ಣ ತಂಗಿ, ಲೂಕಾ ಮತ್ತು ಮಾರ್ಟಿನಾ, ಇಬ್ಬರಿಗೂ ಮೂವತ್ತಾಗಿಲ್ಲ. ಗೋಡೆಯ ಹಾಗೆ ಕಡಿದಾದ ಬೆಟ್ಟದಲ್ಲಿ ಕಲ್ಲು ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ. ಔಷಧಿ ಹೊಡೆಯುವುದಿಲ್ಲ, ಸಗಣಿ ಗೊಬ್ಬರ ಮಾತ್ರ. ವೈನು ಕೆಡದಿರಲೆಂದು ಎಲ್ಲರೂ ಹಾಕುವ ಪುಡಿಯನ್ನೂ ಹಾಕುವುದಿಲ್ಲ. ಊರಿನವರು ಹುಚ್ಚರು ಎನ್ನುತ್ತಿದ್ದಾರಂತೆ. ಮಾರ್ಟಿನಾ ಕಾಗದದಲ್ಲಿ ಬರೆದಿದ್ದಳು: ಈ ವರ್ಷ ಕಣಿವೆಯ ಹೊರಗೆ ಯಾರೂ ಕೊಳ್ಳದಿದ್ದರೆ ಬರುವ ಕೊಯ್ಲಿನ ಹಣ್ಣನ್ನು ಕೆಳಗಿನ ಕಾರ್ಖಾನೆಗೆ ಕೊಟ್ಟುಬಿಡಲು ಅಪ್ಪ ಹಟ ಹಿಡಿದಿದ್ದಾರೆ, ಕಾರ್ಖಾನೆಯವರು ಹೇಳಿದ ಔಷಧಿಯನ್ನೇ ಹೊಡೆಯಬೇಕಾಗುತ್ತದೆ.

ವೈಕುಂಠ ಎರಡನೇ ಬಾಟಲಿಯ ಮೇಲೆ ಬಗ್ಗಿದ. ಮಾಗಿದ ನೇರಳೆ, ಪುನರ್ಪುಳಿ ಹಣ್ಣಿನ ಒಣ ಸಿಪ್ಪೆ, ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಚೆಲ್ಲಿದ ಹಾಗೆ ಏನೋ.

"ಇದು ತರಿಸು" ಅಂದ.

ಬ್ರೂನೊ ಅವನ ಮಾತಿನ ಮೇಲೆ ಐವತ್ತಾರು ಪೆಟ್ಟಿಗೆ ತರಿಸಿದ.

ಅಕ್ಟೋಬರಿನ ಒಂದು ಶುಕ್ರವಾರ ಓಕ್‌ಲ್ಯಾಂಡ್ ಬಂದರಿನಿಂದ ಪೆಟ್ಟಿಗೆಗಳು ಬಂದಿಳಿದವು. ಬ್ರೂನೊ ಮೊದಲ ಬಾಟಲಿಯ ಬಿರಡೆ ತೆಗೆದವನೇ ಮುಖ ತಿರುಗಿಸಿದ. ಕೊಳೆತ ಮೊಟ್ಟೆ! ಇನ್ನೊಂದು ತೆಗೆದ, ಅದೂ ಹಾಗೆಯೇ. ಐದು ಪೆಟ್ಟಿಗೆಯಿಂದ ಐದು, ಐದೂ ಹಾಗೆಯೇ.

"ಸೋಮವಾರ ಹತ್ತು ಗಂಟೆಗೆ ಟ್ರಕ್ಕು ಕರೆಸುತ್ತೇನೆ. ಎಲ್ಲ ವಾಪಸ್ಸು. ಹುಡುಗರು ಕೆಲಸ ಕಲಿತಿಲ್ಲ" ಅಂದ ಬ್ರೂನೊ.

ವೈಕುಂಠ ಮೂಗು ಮುಚ್ಚಿಕೊಳ್ಳಲಿಲ್ಲ. ಎರಡು ಸಲ, ಮೂರು ಸಲ ಮೂಸಿದ. ನಾತವೇನೋ ಹೌದು. ಆದರೆ ಕೊಳೆತದ್ದರ ವಾಸನೆ ಕೆಳಗೆ ಕೆಳಗೆ ಹೋದಷ್ಟೂ ಕೆಟ್ಟದಾಗುತ್ತದೆ; ಇದರ ಕೆಳಗೆ ನೇರಳೆ ಹಣ್ಣು ಹಾಗೇ ಕೂತಿತ್ತು. "ಇದು ಹಾಳಾಗಿಲ್ಲ ಬ್ರೂನೊ."

"ಕುಡಿದು ಹೇಳು ಹಾಗಾದರೆ."

ವೈಕುಂಠ ಮೂಸುತ್ತಿದ್ದ ಬಾಟಲಿಯನ್ನು ಕೆಳಗಿಟ್ಟ.

"ನೋಡಿದೆಯಾ? ನಿನ್ನ ಮೂಗು ನಂಬಿ ತರಿಸಿದೆ. ಇನ್ನು ನಿನ್ನ ಮೂಗು ನಂಬಿ ಮಾರಲಾ?" ಬ್ರೂನೊ ಕೂಗಾಡುವವನಲ್ಲ. ಮೆಲ್ಲಗೇ ಹೇಳಿದ. ಅದಕ್ಕೇ ಹೆಚ್ಚು ನಾಟಿತು. "ಸೋಮವಾರ ಹತ್ತು ಗಂಟೆಯವರೆಗೆ ಟೈಮಿದೆ."

ವೈಕುಂಠ ಒಂದು ಬಾಟಲಿ ಮನೆಗೆ ಒಯ್ದ. ಐದು ವರ್ಷದಲ್ಲಿ ಮೊದಲ ಸಲ.

ಶನಿವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಅದನ್ನು ತೆಗೆದಾಗ ಹೆಂಡತಿ ಸ್ನೇಹಲತಾ ದೋಸೆ ಎರೆಯುತ್ತಿದ್ದಳು. "ರಾಮ ರಾಮ! ಎಂತ ನಾತ ಇದು? ದೇವರ ಗೂಡು ಇಲ್ಲೇ ಉಂಟು, ಕಣ್ಣು ಕಾಣುವುದಿಲ್ಲವಾ ನಿಮಗೆ?"

"ಡ್ಯಾಡಿ, ಇಟ್ ಸ್ಟಿಂಕ್ಸ್!" ಎಂದು ಐದು ವರ್ಷದ ಮಗಳು ಇಂದು ಮೂಗು ಹಿಡಿದುಕೊಂಡು ಬೆಡ್‌ರೂಮಿಗೆ ಓಡಿದಳು.

ವೈಕುಂಠನಿಗೆ ಊರಿನ ಬಾವಿ ನೆನಪಾಗಿತ್ತು. ಬೇಸಿಗೆಯಲ್ಲಿ ನೀರು ತಳ ಕಂಡಾಗ ಅದಕ್ಕೂ ಹೀಗೇ ಮೊಟ್ಟೆಯ ನಾತ. ಅಪ್ಪ ಅದನ್ನು ತಾಮ್ರದ ಹಂಡೆಯಲ್ಲಿ ತುಂಬಿಡುತ್ತಿದ್ದರು, ಸ್ವಲ್ಪ ಹೊತ್ತಿಗೆ ನೀರು ಶುದ್ಧ. ಅವನು ಕುಡಿಯುವ ನೀರಿನ ತಾಮ್ರದ ಚೆಂಬು ತೆಗೆದು ಅರ್ಧ ಬಾಟಲಿ ಸುರಿದ.

"ಅದಿನ್ನು ನೀರಿಗೆ ಇಲ್ಲ" ಅಂದಳು ಸ್ನೇಹಲತಾ. "ಉಳಿದ ಅರ್ಧ ನನ್ನ ಫ್ರಿಜ್ಜಿನಲ್ಲಿ ಇಡಬೇಡಿ, ಮಗುವಿನ ಹಾಲು ಉಂಟು." ಬಿರಡೆ ಮತ್ತೆ ಒಳಗೆ ಹೋಗಲಿಲ್ಲ. ಅವಳೇ ಬಾಟಲಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ಬಾಲ್ಕನಿಯಲ್ಲಿ ತುಳಸಿಯಿಂದ ಆದಷ್ಟು ದೂರ ಬಾಯಿ ತೆರೆದೇ ಇಟ್ಟು ಬಂದಳು.

ಚೆಂಬಿನ ನಾತ ನಿಜಕ್ಕೂ ಹೋಯಿತು. ಇನ್ನೂ ಚೆನ್ನಾಗಿ ಹೋಗಲಿ ಎಂದು ವೈಕುಂಠ ಅದನ್ನು ಮರುದಿನದವರೆಗೆ ಬಿಟ್ಟ. ಭಾನುವಾರ ಬೆಳಿಗ್ಗೆ ಸ್ನಾನ, ಜಪ ಮುಗಿಸಿ, ಜ್ಯಾಮಿನ ಖಾಲಿ ಬಾಟಲಿಗೆ ತುಂಬಿಕೊಂಡು ಹುರುಪಿನಿಂದ ಬ್ರೂನೊನ ಬಳಿ ಹೋದ. ಬ್ರೂನೊ ಮೂಸಿ ಹುಬ್ಬೇರಿಸಿದ. ಒಂದು ಗುಟುಕು ಬಾಯಿಗೆ ಹಾಕಿ ಸಿಂಕಿಗೆ ಓಡಿದ.

"ಏನು ಕುಡಿಸಿದೆಯೋ ನನಗೆ? ಚಿಲ್ಲರೆ ಕಾಸು ನೆಕ್ಕಿದ ಹಾಗಿದೆ!" ಬಾಯಿ ಮುಕ್ಕಳಿಸಿ ಬಂದು ಅವನು ಭುಜದ ಮೇಲೆ ಕೈಯಿಟ್ಟ. "ಬಿಡು ವೈಕ್. ಮನೆಗೆ ಹೋಗು."

ವೈಕುಂಠ ಮನೆಗೆ ಬಂದು ಶೂ ಬಿಚ್ಚದೆ ಕೂತ. ಸ್ನೇಹಲತಾ ಲಾಂಡ್ರಿ ಮಡಚುತ್ತಾ ಎಲ್ಲ ಕೇಳಿಸಿಕೊಂಡಳು. ಬಟ್ಟೆ ಕೈಯಲ್ಲೇ ನಿಂತಿತು.

"ಒಂದು ದಿನ ಇಡೀ ಇಟ್ಟಿರಾ? ಅದು ಹುಳಿ ಅಲ್ಲವಾ ಮಾರಾಯ್ರೆ? ಕಲಾಯಿ ಇಲ್ಲದ ತಾಮ್ರಕ್ಕೆ ಹುಳಿ ಹಾಕ್ತಾರಾ ಯಾರಾದರೂ? ಅಡುಗೆಯವರ ಮಗ!"

ಅಡುಗೆಯವರ ಮಗ ತಲೆ ತಗ್ಗಿಸಿದ. ಅವನ ಮನಸ್ಸಿನಲ್ಲಿ ಅದು ಬಾವಿಯ ನೀರಾಗಿತ್ತು. ಕಿಲುಬು ಮೂಗಿಗೆ ಸಿಗಲಿಲ್ಲ. ಸಿಗುವುದಿದ್ದರೆ ನಾಲಿಗೆಗೇ ಸಿಗಬೇಕಿತ್ತು. ಒಂದು ಹನಿ ಮುಟ್ಟಿಸಿದ್ದರೆ ಗೊತ್ತಾಗುತ್ತಿತ್ತಲ್ಲ ಎಂಬ ಯೋಚನೆ ಅವನಿಗೆ ಮೊದಲ ಬಾರಿ ಬಂದದ್ದು ಆಗ. ಮಾರ್ಟಿನಾ ತನ್ನ ಕಾಗದದ ತುದಿಯಲ್ಲಿ ಬಿಡಿಸಿದ್ದ ಪುಟ್ಟ ದ್ರಾಕ್ಷಿ ಗೊಂಚಲು ಕಣ್ಣ ಮುಂದೆ ಬಂತು. ಅವರ ತಪ್ಪೇನು? ನಂಬಿದ್ದು ಈ ಮೂಗನ್ನು.

ಸಂಜೆ ಇಂದುವಿನ ಒಣಗಿದ ಸಾಕ್ಸು ತರಲು ಬಾಲ್ಕನಿಗೆ ಹೋದವನು ಅಲ್ಲೇ ನಿಂತ. ಬಾಯಿ ತೆರೆದಿಟ್ಟ ಅರ್ಧ ಬಾಟಲಿಯಿಂದ ಮಾಗಿದ ನೇರಳೆ, ಪುನರ್ಪುಳಿ, ನೀರು ಚೆಲ್ಲಿದ ಕಲ್ಲು. ಮೊಟ್ಟೆಯ ಸುಳಿವೇ ಇರಲಿಲ್ಲ. ಅಪ್ಪನ ಹಂಡೆಯೂ ಬೇಡ, ಯಾವ ಮದ್ದೂ ಬೇಡ. ತಿಂಗಳುಗಟ್ಟಲೆ ಬಾಟಲಿಯಲ್ಲಿ ಉಸಿರುಕಟ್ಟಿ ಕೂತ ಅದಕ್ಕೆ ಬೇಕಾಗಿದ್ದದ್ದು ಗಾಳಿ.

"ಆದರೆ ಎರಡು ದಿನ ಹಿಡೀತಲ್ಲ" ಎಂದು ಅವನು ಸೋಮವಾರ ಬೆಳಿಗ್ಗೆ ಕಾಫಿ ಮುಟ್ಟದೆ ಹೇಳಿದ. "ಬ್ರೂನೊ ಎರಡು ಗಂಟೆಯೂ ಕಾಯುವುದಿಲ್ಲ. ಹತ್ತಕ್ಕೆ ಟ್ರಕ್ಕು."

ಸ್ನೇಹಲತಾ ಇಂದುವಿನ ಹಾಲು ಆರಿಸುತ್ತಿದ್ದಳು. ಒಂದು ಸ್ಟೀಲು ಲೋಟದಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಹೊಯ್ಯುತ್ತಾ, "ನಿಮ್ಮ ಹೋಟೆಲಿನಲ್ಲಿ ಕಾಫಿ ಹೀಗೇ ಹೊಯ್ಯುತ್ತಿದ್ದರಲ್ಲ, ಗಜ ಎತ್ತರದಿಂದ. ಬೇಗ ಗಾಳಿ ತಾಗಬೇಕಾದರೆ..." ಎಂದವಳು ಮಾತು ಮುಗಿಸಲಿಲ್ಲ. ವೈಕುಂಠ ಅವಳ ಮುಖ ನೋಡಿದ. ಅವಳು ಬೀರುವಿನಿಂದ ದೊಡ್ಡ ಸ್ಟೀಲು ಚೆಂಬು ಎರಡು ತೆಗೆದು ಕಾಗದದ ಚೀಲಕ್ಕೆ ಹಾಕಿ ಅವನ ಕೈಗೆ ಕೊಟ್ಟಳು. "ಸ್ಟೀಲಿಗೆ ಹುಳಿಯ ಭಯ ಇಲ್ಲ. ಹೋಗಿ, ಟ್ರೈನು ತಪ್ಪುತ್ತದೆ. ಮತ್ತೆ ಅವೆರಡನ್ನೂ ವಾಪಸ್ಸು ತರುವುದು ಬೇಡ!"

ಅವನು ಅಂಗಡಿ ಮುಟ್ಟುವಾಗ ಟ್ರಕ್ಕು ಹತ್ತಕ್ಕೆ ಮೊದಲೇ ಬಂದು ನಿಂತಿತ್ತು. ಮೂವತ್ತು ಪೆಟ್ಟಿಗೆ ಮೇಲೇರಿಯಾಗಿತ್ತು. ವೈಕುಂಠ ಯಾರನ್ನೂ ಕೇಳದೆ ಉಳಿದದ್ದರಿಂದ ಒಂದು ಬಾಟಲಿ ಎಳೆದು ತೆಗೆದು, ಚೆಂಬಿಗೆ ಸುರಿದು, ಬಲಗೈ ತಲೆಯ ಮೇಲೆತ್ತಿ ಎಡಗೈಯ ಚೆಂಬಿಗೆ ಹೊಯ್ದ. ಕೆಂಪು ಧಾರೆ ಹಗ್ಗದ ಹಾಗೆ ಇಳಿಯಿತು. ಮತ್ತೆ ಎತ್ತಿದ, ಮತ್ತೆ ಹೊಯ್ದ. ನೊರೆ ಉಕ್ಕಿತು.

"ದೇವರೇ, ನನ್ನಜ್ಜ ನೋಡಿದ್ದರೆ ನಿನ್ನನ್ನು ಗುಂಡಿಟ್ಟು ಕೊಲ್ಲುತ್ತಿದ್ದ!" ಬ್ರೂನೊ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

ಇಪ್ಪತ್ತು, ಮೂವತ್ತು, ನಲವತ್ತು ಸಲ. ಭುಜ ಸೋತಿತು. ನಲವತ್ತೈದಕ್ಕೆ ಮೊಟ್ಟೆ ಹೋಗಿ ನೇರಳೆ ಬಂತು. ಅವನು ಗ್ಲಾಸಿಗೆ ಸುರಿದು ನೀಡಿದ. "ನೀನು ಕುಡಿ. ನಾನು ನಿನ್ನ ಮುಖ ನೋಡುತ್ತೇನೆ."

ಬ್ರೂನೊ ಅನುಮಾನದಿಂದಲೇ ಸಿಂಕಿನ ಹತ್ತಿರ ಹೋಗಿ ನಿಂತು ಒಂದು ಗುಟುಕು ತೆಗೆದುಕೊಂಡ. ಉಗುಳಲಿಲ್ಲ. ಎರಡನೇ ಗುಟುಕು. ಗ್ಲಾಸು ಖಾಲಿ. ಅವನು ಕಿಟಕಿಯ ಹೊರಗೆ ಎಲ್ಲೋ ನೋಡುತ್ತಾ ಖಾಲಿ ಗ್ಲಾಸು ಹಿಡಿದ ಕೈಯನ್ನು ಹಾಗೇ ವೈಕುಂಠನ ಕಡೆ ಚಾಚಿದ.

ಪಂಕ್ತಿಯಲ್ಲಿ ಎಲೆಯ ಮುಂದೆ ಕೂತವರು ಹೀಗೆ ಇನ್ನೊಮ್ಮೆ ಬಡಿಸಿಕೊಳ್ಳಲು ಕೈ ಚಾಚುವುದನ್ನು ಅಪ್ಪ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದರು. ನೋಡಿದ ಮೇಲೆಯೇ ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ವೈಕುಂಠ ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡು ಗ್ಲಾಸು ತುಂಬಿಸಿದ.

"ಗಿರಾಕಿಗಳೆಲ್ಲ ನಿನ್ನ ಹಾಗೆ ಸರ್ಕಸ್ಸು ಮಾಡಬೇಕೇನು?" ಬ್ರೂನೊ ಗ್ಲಾಸಿನಿಂದ ಕಣ್ಣು ತೆಗೆಯದೆ ಕೇಳಿದ.

"ಬೆಳಿಗ್ಗೆ ಜಗ್ಗಿಗೆ ಸುರಿದಿಟ್ಟು ಸಂಜೆ ಕುಡಿಯಲಿ. ಒಂದೊಂದು ಬಾಟಲಿಗೂ ಚೀಟಿ ಕಟ್ಟುತ್ತೇನೆ."

"ಆರುನೂರ ಎಪ್ಪತ್ತು ಚೀಟಿ?"

"ಕಟ್ಟುತ್ತೇನೆ."

ಹೊರಗೆ ಡ್ರೈವರು ಹಾರನ್ನು ಒತ್ತಿದ. ಬ್ರೂನೊ ಬಾಗಿಲಿಗೆ ಹೋಗಿ, ಮೇಲೇರಿಸಿದ್ದನ್ನೆಲ್ಲ ಇಳಿಸಬೇಕು ಎಂದ. ಡ್ರೈವರು ಇಬ್ಬರನ್ನೂ ನೋಡಿ, ತನ್ನ ಕೆಲಸ ಏರಿಸುವುದು ಮಾತ್ರ, ಇಳಿಸುವವರು ನೀವೇ ಎಂದು ಸಿಗರೇಟು ಹಚ್ಚಿದ. ವೈಕುಂಠ ಆಗಲೇ ಟ್ರಕ್ಕಿನ ಮೇಲಿದ್ದ. ಅರವತ್ತು ದಾಟಿದ ಬ್ರೂನೊ ಕೋಟು ಕಳಚಿ ಕೆಳಗೆ ಬಂದು ನಿಂತು ಎರಡೂ ಕೈ ಚಾಚಿದ.

"ಮೆಲ್ಲಗೆ" ಅಂದ ವೈಕುಂಠ, ಮೊದಲ ಪೆಟ್ಟಿಗೆಯನ್ನು ಬಗ್ಗಿ ಕೊಡುತ್ತಾ. "ಸೊಂಟ ನೋಡಿಕೋ. ಇನ್ನೂ ಇಪ್ಪತ್ತೊಂಬತ್ತು ಇದೆ."