ಮಂಜಿನೊಳಗಿನ ಗಂಟೆ

ಯುದ್ಧದ ಎರಡನೆಯ ಚಳಿಗಾಲದಲ್ಲಿ ಸಬ್ ಲೆಫ್ಟಿನೆಂಟ್ ಆಬ್ರಿ ಥರ್ಕೆಟಲ್ ಇಂಗ್ಲೆಂಡಿನ ಲೋಸ್ಟಾಫ್ಟ್ ಬಂದರಿನಲ್ಲಿ ನಮ್ಮ ಹಡಗು ಹತ್ತಿದಾಗ ಅವನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಊರಲ್ಲಿ ಚರ್ಚಿನ ಕಿಟಕಿಗಳಿಗೆ ಬಣ್ಣದ ಗಾಜು ಕೂರಿಸುತ್ತಿದ್ದವನು. ನಾವೆಲ್ಲ ಹೆರಿಂಗ್ ಮೀನು ಹಿಡಿಯುವವರು. ಬಲೆ ಬಿಚ್ಚಿಟ್ಟು, ಅದೇ ಹಡಗಿಗೆ ಉಕ್ಕಿನ ಹಗ್ಗ ಕಟ್ಟಿ, ಜರ್ಮನರು ನೀರಿನಲ್ಲಿ ಬಿಟ್ಟುಹೋದ, ಹಡಗು ತಾಕಿದರೆ ಸಿಡಿಯುವ ಮೈನುಗಳನ್ನು ಗುಡಿಸುತ್ತಿದ್ದೆವು.

ಅವನ ಕೈಕೆಳಗೆ ಮುದುಕ ಸ್ಕಿಪ್ಪರ್ ನೆಡ್ ಅಟಿಂಗ್. "ಸಮುದ್ರಕ್ಕೆ ಗಾಜು ಹಾಕೋಕೆ ಬಂದ್ರಾ ಸಾರ್?" ಎಂದು ಮೊದಲ ದಿನವೇ ಕೇಳಿದ್ದ. ಆಬ್ರಿ ನಗಲು ಹೋಗಿ, ವಾಂತಿ ತಡೆಯಲಾರದೆ ಹಡಗಿನ ಅಂಚಿಗೆ ಓಡಿದ್ದ.

ಜನವರಿಯಲ್ಲಿ ನಮ್ಮ ಜೊತೆಯ ಹಡಗು ಮೈನಿಗೆ ಸಿಕ್ಕಿ ಮುಳುಗಿತು. ಯಾರೂ ಉಳಿಯಲಿಲ್ಲ. ಅದರಲ್ಲಿ ನೆಡ್‌ನ ಮಗ ವಿಲ್ಫ್ ಇದ್ದ. ನೆಡ್ ರಜೆ ಬೇಡವೆಂದ.

ಆ ವಾರವೇ, ಅದೇ ಜಾಗದ ಹತ್ತಿರ, ಬೆಳಗಿನಲ್ಲಿ ಮಂಜು ಮುಚ್ಚಿಕೊಂಡಿತು. ಎಂಜಿನ್ ನಿಲ್ಲಿಸಿ ಕಾದೆವು. ಆಗ ಗಂಟೆ ಕೇಳಿಸಿತು. ಒಂದು ಪೆಟ್ಟು, ಬಿಡುವು, ಮತ್ತೊಂದು. ಎಷ್ಟೋ ವರ್ಷ ಪಕ್ಕದಲ್ಲೇ ಮೀನು ಹಿಡಿದ ನಮಗೆ ಅದು ಯಾವ ಹಡಗಿನ ಗಂಟೆಯೆಂದು ಯಾರೂ ಹೇಳಬೇಕಿರಲಿಲ್ಲ.

"ವಿಲ್ಫ್ ಬಾರಿಸ್ತಿದಾನೆ. ದೋಣಿ ಇಳಿಸಿ," ಎಂದ ನೆಡ್, ಮೆಲ್ಲಗೆ.

ಆಬ್ರಿ ಅವನನ್ನು ಹೋಗಲು ಬಿಡಲಿಲ್ಲ. ತಾನೇ ದೋಣಿಗಿಳಿದ. ಹುಟ್ಟು ಹಾಕಲು ನಾನು ಹೋದೆ. ಗಂಟೆ ಒಮ್ಮೆ ಎಡಕ್ಕೆ ಕೇಳುತ್ತಿತ್ತು, ಒಮ್ಮೆ ಬೆನ್ನ ಹಿಂದೆ. ಕೊನೆಗೆ ಮರಳದಿಬ್ಬದಲ್ಲಿ ಕೂತ ಹಡಗಿನ ಕಂಬ ಕಂಡಿತು. ಅದೊಂದೇ ನೀರಿನ ಮೇಲಿತ್ತು. ಕಂಬದಲ್ಲಿ ಗಂಟೆ, ಗಂಟೆಯ ಹಗ್ಗ ತೇಲುತ್ತಿದ್ದ ಇನ್ನೊಂದು ಮೈನಿನ ಕಡಿದ ಸರಪಳಿಗೆ ಸುತ್ತಿಕೊಂಡಿತ್ತು. ಅಲೆ ತಗ್ಗಿದಾಗಲೆಲ್ಲ ಮೈನು ಹಗ್ಗ ಎಳೆಯುತ್ತಿತ್ತು. ಹಿಂದೆ ಹೋಗು ಎಂದು ಆಬ್ರಿ ಕೈಸನ್ನೆ ಮಾಡಿದ.

ಹಡಗಿಗೆ ಮರಳಿ ನಾವು ಹೇಳಿದ್ದನ್ನು ಕೇಳಿ ನೆಡ್ ಒಂದೇ ಮಾತು ಕೇಳಿದ: "ಹತ್ರ ಯಾರೂ ಇರ್ಲಿಲ್ವಾ?"

"ಯಾರೂ ಇಲ್ಲ, ನೆಡ್," ಎಂದ ಆಬ್ರಿ.

ಮಧ್ಯಾಹ್ನ ಮಂಜು ಕರಗಿತು. ದೂರದಿಂದ ಮೈನಿಗೆ ಗುಂಡು ಹೊಡೆಯಬೇಕಿತ್ತು. ಆಬ್ರಿ ಬಂದೂಕೆತ್ತಿ ಗುರಿ ಹಿಡಿದ, ಇಳಿಸಿದ, ಮತ್ತೆ ಹಿಡಿದ. ಸಮುದ್ರ ಎಣ್ಣೆಯಂತೆ ಸಪಾಟಾಗಿತ್ತು, ಒಂದು ಅಲೆಯೂ ಇರಲಿಲ್ಲ. ಗಂಟೆ ಮಾತ್ರ ನಿಂತಿರಲಿಲ್ಲ.

ನೆಡ್ ಬಂದು ಕೈಚಾಚಿದ. "ಕೊಡಪ್ಪಾ ಇಲ್ಲಿ. ನಮ್ಮ ಹುಡುಗಂಗೆ ಸಾಕು ಅಂತ ನಾನೇ ಹೇಳ್ತೀನಿ."

ಅವನ ಗುಂಡಿಗೆ ಮೈನು ಸಿಡಿಯಿತು. ನೀರು ಎದ್ದು ಬಿದ್ದಾಗ ಕಂಬವಿರಲಿಲ್ಲ. ಸತ್ತ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಬೇರೆ ದಿನವಾದರೆ ಬಕೆಟ್‌ಗಟ್ಟಲೆ ಬಾಚುತ್ತಿದ್ದೆವು. ಅಂದು ಯಾರೂ ಬಗ್ಗಲಿಲ್ಲ.

ಯುದ್ಧ ಮುಗಿದ ಮೇಲೂ ಆಬ್ರಿ ಒಂದು ವರ್ಷ ಉಳಿದು, ಮೀನುಗಾರರ ದಾರಿಗಳಲ್ಲಿ ಉಳಿದ ಮೈನುಗಳನ್ನು ಗುಡಿಸಿಕೊಟ್ಟು ಊರಿಗೆ ಹೊರಟ. ನೆಡ್‌ನ ಹೆಂಡತಿ ಹೊಗೆಯಾಡಿಸಿದ ಹೆರಿಂಗ್ ಕಟ್ಟಿಕೊಟ್ಟಿದ್ದಳು. ಆ ಪೊಟ್ಟಣವನ್ನು ಎದೆಗವುಚಿಕೊಂಡು ಅವನು ರೈಲು ಹತ್ತಿದ.