ಸಾವಕ್ಕನಿಗೆ ಮಾತು ಕೊಟ್ಟವಳು

ಟ್ರಂಕಿನಿಂದ ಕೌದಿ ತೆಗೆದೆ. ಮೊದಲು ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆ ನೂಲಿಗೆ ಹಾಕುವ ಗಂಜಿಯ ಹುಳಿವಾಸನೆ, ಅದರ ಹಿಂದೆ ಕೊಬ್ಬರಿ ಎಣ್ಣೆ... ಸತ್ತವರು ನೆನಪಾದರೆ ಜನರಿಗೆ ಕಣ್ಣೀರು ಬರುತ್ತದೆ. ಎದುರುಮನೆಯ ಅಕ್ಕ ನೆನಪಾದರೆ ನನಗೆ ಮೊದಲು ಬರುವುದು ಹೊಟ್ಟೆಕಿಚ್ಚು. ಕಣ್ಣೀರು ಅದರ ಹಿಂದೆ ಪಾಳಿ ಹಚ್ಚಿ ನಿಂತಿರುತ್ತದೆ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಅಕ್ಕ ಕೊಂಡಿ ಹಾಕುವ ಕೆಲಸ ಮಾಡುತ್ತಿದ್ದಳು. ನಮ್ಮ ಸೀರೆಗೆ ಮೈಯ ಹಾಸು, ಎಂದರೆ ಉದ್ದೆಳೆ, ಬೇರೆ; ಸೆರಗಿನ ಹಾಸು ಬೇರೆ. ಮೈಯ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ನೇಯ್ದಾದ ಮೇಲೆ ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತೆಂದು ಉಟ್ಟವರಿಗೂ ತಿಳಿಯಬಾರದು. ಅಕ್ಕ ಒಂದು ಎಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಾಯಿಯ ಒಂದೇ ಬದಿಯಿಂದ ಹರಟೆ ಹೊಡೆಯುತ್ತ ಆ ಕೆಲಸ ಮಾಡುತ್ತಿದ್ದಳು. ಬದಾಮಿಯ ಗಂಡನ ಮನೆ ಬಿಟ್ಟು ಅಣ್ಣನ ಮನೆಗೆ ಬಂದು ಎಂಟು ವರ್ಷವಾಗಿತ್ತು. ಆ ಕತೆಯನ್ನು ಮಾತ್ರ ಯಾವ ಬದಿಯಿಂದಲೂ ಹೇಳಿರಲಿಲ್ಲ.

ನಾನೋ, ಓಣಿಯ ಗಿಳಿ. ಸೀರೆ ಅಂಗಡಿಗಳ ಜಾಹೀರಾತನ್ನು ಆಟೊದಲ್ಲಿ ಕೂತು ಮೈಕಿನಲ್ಲಿ ಕೂಗುವುದು ನನ್ನ ಉದ್ಯೋಗ. ಬಸ್‌ಸ್ಟ್ಯಾಂಡಿನ ಕಂಟ್ರೋಲರ್, ಹೆಡ್‌ಮಾಸ್ತರು, ನನ್ನಪ್ಪನ ಕೆಮ್ಮು, ಯಾವುದನ್ನೂ ಅಣಕಿಸದೆ ಬಿಟ್ಟವನಲ್ಲ. "ನಿಂದು ಖರೇ ದನಿ ಯಾವುದೋ?" ಎಂದು ಅವ್ವ ಒಮ್ಮೆ ಕೇಳಿದಾಗ, ಅವ್ವನ ದನಿಯಲ್ಲೇ ಉತ್ತರ ಕೊಟ್ಟು ಲಟ್ಟಣಿಗೆಯ ಏಟು ತಿಂದಿದ್ದೆ.

ಆಗ ಬಾಗಲಕೋಟೆಯ ಒಂದು ಸಣ್ಣ ಸ್ಟುಡಿಯೊದವರು ಪ್ರತಿ ರವಿವಾರ ಫೋನಿಗೆ ಒಂದು ಧಾರಾವಾಹಿ ಬಿಡುತ್ತಿದ್ದರು. ಬರೀ ಧ್ವನಿಯದು, ಚಿತ್ರವಿಲ್ಲ. ಹೆಸರು 'ಮೂರು ದಾರಿ'. ಒಂದು ಕ್ರಾಸು, ಅಲ್ಲೊಂದು ಚಹಾದಂಗಡಿ, ಅಲ್ಲಿ ಬಸ್ಸು ನಿಲ್ಲಿಸಿ ಲೋಕದ ಸುದ್ದಿ ಹೇಳುವ ಡ್ರೈವರ್ ಬಸಣ್ಣ. ಅಂಗಡಿಯ ಸಾವಕ್ಕ ಮಾತ್ರ ಒಂದು ಮಾತೂ ಆಡುತ್ತಿರಲಿಲ್ಲ. ಎಲ್ಲರೂ ಅವಳಿಗೆ ಹೇಳುವವರೇ. ಅವಳ ಕಡೆಯಿಂದ ಬಕೆಟ್ಟಿನಲ್ಲಿ ಗ್ಲಾಸು ತೊಳೆಯುವ ಸದ್ದಷ್ಟೇ.

ಒಂದು ಮಳೆಗಾಲ ಧಾರಾವಾಹಿ ನಿಂತಿತು. ಕೇಳುಗರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ತಮ್ಮ ತಮ್ಮ ಕಂತು ಕಟ್ಟತೊಡಗಿದರು. ನಾನೂ ಬಸಣ್ಣನ ದನಿಯಲ್ಲಿ ನಾಲ್ಕಾರು ಬಿಟ್ಟೆ. ಜನ ನಕ್ಕರು, ಮರೆತರು. ಆಗ ಅಕ್ಕ ಒಂದು ನೋಟುಬುಕ್ಕು ಹಿಡಿದು ಬಂದಳು.

"ತಮ್ಮಾ, ಬಸಣ್ಣನ ದನಿ ಹತ್ತು ನಿಮಿಷ ಕಡಾ ಕೊಡ್ತೀಯೇನು?"

"ಬಾಡಿಗಿ ಆಗತೈತ್ರಿ ಅಕ್ಕಾರ. ಒಂದು ಚಹಾ."

ಓಣಿಯ ತುಂಬ ಮಗ್ಗದ ಸದ್ದು. ಅದು ಕೇಳಬಾರದೆಂದು ಅಕ್ಕ ಈ ಕೌದಿ ತಂದು ನಮ್ಮ ಪಡಸಾಲೆಯ ಎರಡು ಕುರ್ಚಿಗಳ ಮೇಲೆ ಹೊದಿಸಿದಳು. ಇಬ್ಬರ ತಲೆ ಒಳಗೆ, ಮೈ ಹೊರಗೆ. ಅವ್ವ ನೋಡಿ, "ಏನ್ರೇ ಇದು, ಕೋಳಿ ಕಾವಿಗೆ ಕುಂತಂಗ ಕುಂತೀರಿ!" ಎಂದದ್ದು ಮೊದಲ ರೆಕಾರ್ಡಿಂಗಿನಲ್ಲಿ ಹಾಗೇ ಸೇರಿತ್ತು.

ಅಕ್ಕ ಬರೆದಂತೆ, ಇಷ್ಟು ವರ್ಷ ಕ್ರಾಸಿನಲ್ಲೇ ಕೂತ ಸಾವಕ್ಕ ಒಂದು ದಿನವೂ ಬಸ್ಸು ಹತ್ತಲಿಲ್ಲವಲ್ಲ, ಯಾಕೆ ಎಂದು ಬಸಣ್ಣನಾದ ನಾನು ಕೇಳಬೇಕಿತ್ತು. ಕೇಳಿದೆ. ಅಕ್ಕ ಹಲ್ಲಿನಲ್ಲಿ ಎಳೆ ಕಚ್ಚಿಕೊಂಡು ಸಾವಕ್ಕನಾದಳು. ಆಮೇಲೆ, "ಆ ಕಡೆ ಬಸ್ಸು ಗಂಡನ ಮನಿಗೆ ಹೋಗತೈತಿ. ಈ ಕಡೆದು ತವರಮನಿಗೆ. ನನ್ನ ಮನಿಗೆ ಹೋಗೋ ಬಸ್ ಬಂದ್ರ ಹೇಳು ಬಸಣ್ಣ, ಹತ್ತತೇನಿ" ಎಂದಳು.

ನಾನು ಕೌದಿ ಸರಿಸಿ ತಲೆ ಹೊರಗೆ ಹಾಕಿದೆ. ಸೆಕೆಗೆ ಎಂದುಕೊಂಡೆ.

ಯಾರು ಮಾಡಿದ್ದೆಂದು ಹೇಳದೆ ಗುಂಪಿಗೆ ಬಿಟ್ಟೆ. ಎರಡೇ ದಿನಕ್ಕೆ ಹುನಗುಂದ, ಕೆರೂರ, ಬದಾಮಿ ಎಲ್ಲ ಸುತ್ತಿ ಬಂತು. ಧಾರಾವಾಹಿ ಮತ್ತೆ ಶುರುವಾಯಿತೆಂದೇ ಜನ ನಂಬಿದರು. ನಂಬಿದ್ದು ನನ್ನಿಂದ, ನನ್ನ ಬಸಣ್ಣ ಅಚ್ಚು ಅಸಲಿ ಬಸಣ್ಣನಂತೆಯೇ ಇದ್ದ. ಆದರೆ ಜನ ಮಾತಾಡಿದ್ದು ಸಾವಕ್ಕನ ಬಗ್ಗೆ.

ಕಂತು ಬಿಟ್ಟ ನನ್ನ ನಂಬರು ಹಿಡಿದು ಸ್ಟುಡಿಯೊದಿಂದ ಕರೆ ಬಂತು. ಇಬ್ಬರೂ ಬಾಗಲಕೋಟೆಗೆ ಹೋದೆವು. ನಾನು ಇಸ್ತ್ರಿ ಅಂಗಿ ಹಾಕಿದ್ದೆ. ಸ್ಟುಡಿಯೊದ ಯಜಮಾನರು ಅಕ್ಕನಿಗೆ ಕೈಮುಗಿದರು. "ಸಾವಕ್ಕಗ ಏನ್ ಮಾತಾಡಸಬೇಕಂತ ತಿಳೀದ ಸುಮ್ನ ಕುಂದರಿಸಿದ್ವಿರಿ. ಇನ್ನ ಮುಂದ ನೀವ ಬರೀರಿ, ನೀವ ಮಾತಾಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ಬಸಣ್ಣ ನಮ್ಮಲ್ಲಿ ಒಬ್ಬ ಅದಾನಲ್ಲಪಾ..." ಎಂದರು. ಅಸಲಿ ಬಸಣ್ಣ ಅಲ್ಲೇ ಕೂತು ಶೇಂಗಾ ತಿನ್ನುತ್ತಿದ್ದ. ಎದ್ದು ಬಂದು ನನ್ನ ಕೈ ಕುಲುಕಿ, "ನನಗಿಂತ ನೀನ ಚಲೋ ಮಾಡ್ತಿ ಲೇ" ಎಂದ. ಅಷ್ಟು ನೋವಿನ ಹೊಗಳಿಕೆಯನ್ನು ನಾನು ಮತ್ತೆಂದೂ ಕೇಳಿಲ್ಲ.

ಬರುವ ಬಸ್ಸಿನಲ್ಲಿ ಯಜಮಾನರ ದನಿ, ಶೇಂಗಾ ಅಗಿಯುವ ಸದ್ದು ಎಲ್ಲ ಮಾಡಿ ಅಕ್ಕನನ್ನು ನಗಿಸಿದೆ. ನನ್ನ ದನಿಯಲ್ಲಿ ಮಾತಾಡಬೇಕಾದೀತೆಂಬ ಭಯಕ್ಕೆ ಊರು ಬರುವ ತನಕ ಬಾಯಿ ಮುಚ್ಚಲಿಲ್ಲ.

ಆಮೇಲಿನ ತಿಂಗಳುಗಳು... ನನ್ನ ಆಟೊ ನಿಂತಲ್ಲೆಲ್ಲ "ಲೇ, ಸಾವಕ್ಕನ ಡೈಲಾಗ್ ಹೊಡಿಯಲೇ" ಎನ್ನುತ್ತಿದ್ದರು. ಹೊಡೆಯುತ್ತಿದ್ದೆ. ಹಲ್ಲಿನಲ್ಲಿ ಒಂದು ಎಳೆ ಕಚ್ಚಿಕೊಂಡರೆ ಸಾಕು, ಅಕ್ಕನ ದನಿ ತಾನೇ ಬರುತ್ತಿತ್ತು. ಇಬ್ಬರೂ ಕಟ್ಟಿದ್ದು ಕಟ್ಟುಕತೆಯೇ. ಅವಳದು ಅಸಲಿಯಾಯಿತು, ನನ್ನದು ಮಂಗಾಟವಾಗಿಯೇ ಉಳಿಯಿತು.

ಒಂದು ರವಿವಾರ ಮುಂಜಾನೆ, ಸ್ಟುಡಿಯೊದ ಕಂತಿಗೆ ಹಬ್ಬದ ರಜೆ ಇದ್ದ ದಿನ, ನಮ್ಮಲ್ಲೇ ಉಳಿದಿದ್ದ ಈ ಕೌದಿಯಲ್ಲಿ ಒಬ್ಬನೇ ತಲೆ ಹಾಕಿದೆ. ಎಳೆ ಕಚ್ಚಿಕೊಂಡೆ. "ಸಾಕಾತು ಬಸಣ್ಣ. ಬದಾಮಿ ಬಸ್ ನಿಲ್ಲಸು. ಗಂಡನ ಮನಿಗೆ ಹೊಂಟೇನಿ" ಎಂದೆ. ಗೆಳೆಯನ ಫೋನಿನಿಂದ ಬಿಟ್ಟೆ. ಸಾವಕ್ಕ ಕೆಡಲಿ, ಸ್ಟುಡಿಯೊದವರು ಅಕ್ಕನ ಮೇಲೆ ಸಿಟ್ಟಾಗಲಿ ಎಂಬಲ್ಲಿಯ ತನಕವಷ್ಟೇ ನನ್ನ ಬುದ್ಧಿ ಹೋಗಿತ್ತು.

ಮಧ್ಯಾಹ್ನಕ್ಕೆ ಅಕ್ಕನ ಅಣ್ಣನ ದನಿ ಓಣಿಗೆಲ್ಲ ಕೇಳಿತು. "ಸಾವಕ್ಕನೇ ಗಂಡನ ಮನಿಗೆ ಹೋದ್ಲು! ಊರ ಮಂದಿ ಕೇಳಾಕತ್ತಾರ, ನಿನ್ನ ತಂಗಿ ಯಾವಾಗ ಅಂತ. ಬದಾಮಿಗೆ ಫೋನ್ ಹಚ್ಚೇನಿ. ನಾಳೆ ಹೊಂಡು."

ಮರುದಿನ ಅವರ ಹೊಸ್ತಿಲ ಮೇಲೆ ಒಂದು ಕೈಚೀಲ ಇತ್ತು. ನಾನು ನಮ್ಮ ಕಟ್ಟೆಯ ಮೇಲೆ ಬಾಯಲ್ಲಿ ಬ್ರಶ್ ಇಟ್ಟುಕೊಂಡು ನಿಂತಿದ್ದೆ. ನಡುವೆ ಆರು ಹೆಜ್ಜೆ. ದಾಟಿ ಹೋಗಿ "ಅದು ನಂದ್ರೀ" ಎಂದರೆ ಮುಗಿಯುತ್ತಿತ್ತು. ಊರಿನವರೆಲ್ಲರ ದನಿ ಬರುವವನಿಗೆ ಆ ಎರಡು ಮಾತು ಬರಲಿಲ್ಲ. ಅಕ್ಕ ಚೀಲ ಎತ್ತಿಕೊಂಡು ನನ್ನ ಕಡೆ ನೋಡದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ಮುಂದಿನ ರವಿವಾರ ಸ್ಟುಡಿಯೊದ ಕಂತು ಬಸ್ಸಿನ ಸದ್ದಿನಿಂದ ಶುರುವಾಯಿತು. ಸಾವಕ್ಕ ಬಸ್ಸಿನೊಳಗೇ ಇದ್ದಳು! "ನಿಲ್ಲಸು ಬಸಣ್ಣ. ಮುಂದಿನ ಸ್ಟಾಪಿನ ಚಹಾ ಹೆಂಗೈತಿ ನೋಡಾಕ ಬಂದಿದ್ದೆ. ಬರೇ ನೀರು. ನಾ ತಿರಗಿ ನಡಕೋತ ಹೋಗತೇನಿ." ಜನ ಬಿದ್ದು ಬಿದ್ದು ನಕ್ಕರು. ನನ್ನ ಸುಳ್ಳೂ ಅವಳ ಕಂತೂ ಒಂದೇ ಕತೆ ಎಂದುಕೊಂಡರು.

ಅಕ್ಕ ಬದಾಮಿಗೆ ಹೋಗಿರಲಿಲ್ಲ. ಹುನಗುಂದದಲ್ಲಿ ಇಳಿದು, ಒಂದು ಖೋಲಿ ಹಿಡಿದು, ಅಲ್ಲೇ ಕೊಂಡಿ ಹಾಕುತ್ತಿದ್ದಳು. ತಿಂಗಳುಗಳ ಮೇಲೆ ಆಟೊ ಅತ್ತ ಹೋದಾಗ ಧೈರ್ಯ ಮಾಡಿ ಬಾಗಿಲಿಗೆ ಹೋದೆ. ತಲೆ ಎತ್ತದೆಯೇ, ಬಾಯಿಯ ಒಂದು ಬದಿಯಿಂದ ಅಂದಳು:

"ಕೊಂಡಿ ಸಡಲ ಹಾಕಿದ್ದಿ ತಮ್ಮಾ. ನಾ ಬಿಗಿ ಮಾಡೇನಿ."

"ಹೆಂಗ್ ಗೊತ್ತಾತ್ರಿ?"

"ಎಳಿ ಕಚಗೊಂಡು ಮಾತಾಡೋದು ಎದುರಮನಿಯವಗ ಅಲ್ದ ಯಾರಿಗೆ ಗೊತ್ತೋ? ಕುಂದರು, ಚಹಾ ಕುಡಿ."

ನನ್ನ ಸುಳ್ಳು ಕಂತು ತನ್ನದೇ ಎಂದು ಸ್ಟುಡಿಯೊದವರಿಗೆ ಹೇಳಿದ್ದಳಂತೆ. ಒಂದು ಬೈಗುಳ ಬಂದಿದ್ದರೂ ಅದನ್ನು ಅವಳ ದನಿಯಲ್ಲಿ ಹತ್ತು ಜನಕ್ಕೆ ಹೇಳಿ ಹಗುರಾಗುತ್ತಿದ್ದೆ. ಅದನ್ನೂ ಕೊಡಲಿಲ್ಲ. ಕ್ಷಮಿಸುವುದರಲ್ಲೂ ಅವಳೇ ಮುಂದೆ... ನನಗೆ ಅದಕ್ಕೂ ಉರಿಯಿತು. ತಪ್ಪಾಯಿತು ಎಂದು ನಾನು ಅಂದೂ ಹೇಳಲಿಲ್ಲ.

ಕಳೆದ ಚಳಿಗಾಲ ಎರಡು ವಾರದ ಜ್ವರದಲ್ಲಿ ಅಕ್ಕ ಹೋದಳು. ಹದಿನೈದು ದಿನಕ್ಕೆ ಯಜಮಾನರ ಫೋನು. ನೋಟುಬುಕ್ಕಿನಲ್ಲಿ ಅವಳು ಬರೆದಿಟ್ಟ ಹನ್ನೊಂದು ಕಂತು ಉಳಿದಿದ್ದವು. "ಸಾವಕ್ಕನ ದನಿ ನಿನಗ ಬರತೈತಂತಲ್ಲೋ? ದವಾಖಾನ್ಯಾಗ ಅಕ್ಕಾರ ಹೇಳಿದ್ರು, ಅಂವ ನನಗಿಂತ ಚಲೋ ಮಾಡತಾನ ಅಂತ."

ಹೀಗೆ ನಾನು ಅಸಲಿಯಾದೆ. ಸ್ಟುಡಿಯೊದ ಹೊರಗೆ ಯಾರಿಗೂ ಗೊತ್ತಿಲ್ಲ. "ಅಕ್ಕಾರ, ನಿಮ್ಮ ದನಿ ಕೇಳಿದ್ರ ಜೀವಕ್ಕ ಸಮಾಧಾನ" ಎಂದು ಕೇಳುಗರು ಈಗಲೂ ಬರೆಯುತ್ತಾರೆ. ಓದಿ ಖುಷಿಯಾಗುತ್ತದೆ, ಆಮೇಲೆ ಉರಿಯುತ್ತದೆ. ಗಂಟಲು ನನ್ನದು, ಅಕ್ಕಾರ ಅವಳು.

ಹನ್ನೊಂದೂ ಮುಗಿದವು. ಇಂದಿನದನ್ನು ನಾನೇ ಬರೆಯಬೇಕಿತ್ತು. ಕೌದಿ ಹೊದಿಸಿದೆ, ತಲೆ ಹಾಕಿದೆ, ಎಳೆ ಕಚ್ಚಿಕೊಂಡೆ. ಪಕ್ಕದಲ್ಲಿ ಇನ್ನೊಂದು ತಲೆಯಷ್ಟು ಜಾಗ ಖಾಲಿ ಇತ್ತು. ಬಾಯಿ ತೆರೆದೆ... ಸಾವಕ್ಕ ಏನು ಹೇಳುತ್ತಾಳೆಂದು ನನಗೆ ತಿಳಿಯಲಿಲ್ಲ.

ಅಡುಗೆಮನೆಯಿಂದ ಬಕೆಟ್ಟು ತಂದು, ನೀರಿನಲ್ಲಿ ಎರಡು ಗ್ಲಾಸು ತೊಳೆದು, ಆ ಸದ್ದನ್ನಷ್ಟೇ ಕಳಿಸಿದೆ.